ಒಂದಳತೆ ಮದ್ದು

ಗಿರಿಗೆ ತನ್ನ ಮಗಳು ಭಾನುವನ್ನು ಕೊಡುವ ಮಾತಾಡಲು ಸಾನಮಾವು ಕಡೆಯಿಂದ ತಿಮ್ಮರಾಜು ಬರುತ್ತಾನೆಂದು ತಿಳಿದ ದಿನದಿಂದ ಚಿನ್ನಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಗಿರಿ ಅವನ ಹೆಂಡತಿ ಗೋವಿಂದಮ್ಮನ ತಮ್ಮ. ತಂದೆತಾಯಿ ಇಲ್ಲದವನು, ಅಂಚೆಟ್ಟಿ ಬೆಟ್ಟದ ಈ ಮನೆಯಲ್ಲೇ ಬೆಳೆದವನು. ಅಂಥವನಿಗೆ ಮದುವೆ ಕೂಡಿಬಂದರೆ ಭಾವನಾದವನು ಊರಿಗೆಲ್ಲ ಕಾಫಿ ಕುಡಿಸಬೇಕಿತ್ತು. ಈತ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದ. ಕಾರಣ ಗಿರಿಯ ಎಡಗೈ. ಅದರಲ್ಲಿ ಎರಡು ಬೆರಳಿರಲಿಲ್ಲ.

ಎರಡು ವರ್ಷದ ಹಿಂದೆ ನೆಲಗಡಲೆ ಹೊಲಕ್ಕೆ ಹಂದಿ ನುಗ್ಗಿದಾಗ ಗಿರಿ ಮನೆಯ ನಾಡಬಂದೂಕು ಹಾರಿಸಿದ್ದ. ನಳಿಗೆ ಸೀಳಿ ಬೆರಳು ಹೋದವು. ಲೈಸೆನ್ಸಿಲ್ಲದ ಬಂದೂಕಾದ್ದರಿಂದ ಆಸ್ಪತ್ರೆಯಲ್ಲಿ ಪಟಾಕಿ ಎಂದರು. ಊರಲ್ಲಿ ಗಿರಿ ತಾನಾಗಿಯೇ, "ಮದ್ದು ಜಾಸ್ತಿ ಸುರಿದ್ಬುಟ್ಟೆ" ಎಂದ. ಆಮೇಲೆ ಕೇಳಬೇಕೆ? ಹೊಸೂರಿನ ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವನಿಗೆ ಮನೆಯ ಮದ್ದಿನ ಬಿದಿರಳತೆ ತಿಳಿಯಲಿಲ್ಲವಂತೆ ಎಂದು ಊರೇ ಆಡಿಕೊಂಡಿತು. ಎಲ್ಲರಿಗಿಂತ ಹೆಚ್ಚು ಆಡಿದವಳು ಗೋವಿಂದಮ್ಮ, ಸಂಕಟಕ್ಕೆ ಆಡುತ್ತಿದ್ದಳು. ತಮ್ಮ ಸಾರಿಗೆ ಉಪ್ಪು ಕೇಳಿದರೂ, "ನಿನ್ ಕೈಗೆ ಕೊಡಲ್ಲ, ನಿಂಗೆ ಅಳತೆ ಗೊತ್ತಿಲ್ಲ ಕಣ್ಲಾ" ಎಂದು ತಾನೇ ಹಾಕುತ್ತಿದ್ದಳು. ಗಿರಿ ನಕ್ಕುಬಿಡುತ್ತಿದ್ದ. ಪಕ್ಕದಲ್ಲಿ ಕೂತ ಚಿನ್ನಪ್ಪ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ನಿಜ ಅವನ ಹೊಟ್ಟೆಯೊಳಗಿತ್ತು. ಮೊಲಕ್ಕಾದರೆ ಅರ್ಧ ಅಳತೆ ಮದ್ದು, ಹಂದಿಗೆ ಒಂದು. ಅಪ್ಪನ ಕಾಲದಿಂದ ಅಷ್ಟೇ. ತುಂಬಿದ ಬಂದೂಕಿನ ಕುದುರೆಗೆ ಹೊಂಗೆ ಕಡ್ಡಿ ಸಿಕ್ಕಿಸಿಡಬೇಕು. ಕಡ್ಡಿ ಇಲ್ಲದಿದ್ದರೆ ಖಾಲಿ ಎಂದರ್ಥ. ಅವತ್ತು ಸಂಜೆ ಚಿನ್ನಪ್ಪನೇ ಒಂದಳತೆ ತುಂಬಿದ್ದ. ಹಂದಿ ದೊಡ್ಡದೆಂದು ಮೇಲೆ ಅರ್ಧ ಸುರಿದ. ಕಡ್ಡಿ ಮುರಿಯಲು ಹೊಂಗೆ ಮರದತ್ತ ಹೊರಟವನಿಗೆ ಬಸ್ಸಿನ ಹಾರ್ನ್ ಕೇಳಿತು. ಗೊಬ್ಬರದ ಮೂಟೆ ಇಳಿಸಿಕೊಳ್ಳಲು ಓಡಿದವನು ಅಲ್ಲೇ ಮಾತಿಗೆ ನಿಂತುಬಿಟ್ಟ, ಮಹರಾಯ. ಇತ್ತ ಗಿರಿ ಬಂದು ನೋಡಿದ, ಕಡ್ಡಿ ಇಲ್ಲ. ತನ್ನ ಒಂದಳತೆಯನ್ನು ಸರಿಯಾಗಿಯೇ ಅಳೆದು ತುಂಬಿದ. ಇಷ್ಟನ್ನು ಹೇಳಲು ಚಿನ್ನಪ್ಪನಿಗೆ ಎರಡು ವರ್ಷವಿತ್ತು, ಬಾಯಿ ಬರಲಿಲ್ಲ. ತಮ್ಮನ ಕೈ ಕೆಡಿಸಿದವನ ಮುಖವನ್ನು ಗೋವಿಂದಮ್ಮ ಮತ್ತೆ ನೋಡುತ್ತಾಳೆಯೇ ಎಂಬ ಭಯ. ಹೇಡಿತನ ಅನ್ನಿ, ಅವನೂ ಹಾಗೇ ಅಂದುಕೊಳ್ಳುತ್ತಿದ್ದ.

ತಿಮ್ಮರಾಜು ಬೆಳಗಿನ ಬಸ್ಸಿಗೇ ಬಂದ. ಹಳೆಯ ಬೇಟೆಗಾರ. ಒಪ್ಪಿಸಿದರೆ ಕೇಸಿಲ್ಲ ಎಂದು ಪೊಲೀಸರು ಹೇಳಿದ ಮೇಲೆ, ಹೋದ ತಿಂಗಳಷ್ಟೇ ತನ್ನ ಬಂದೂಕು ಕೊಟ್ಟು ಬಂದಿದ್ದ. ಜಗಲಿಯಲ್ಲಿ ಕೂತು ನೇರವಾಗಿ ಮಾತಿಗಿಳಿದ.

"ನಮ್ ಭಾನು ಒಪ್ಪವ್ಳೆ. ಬೆರಳು ಇಲ್ದಿದ್ರೆ ಇಲ್ಲ. ಅಡ್ಡಾದಿಡ್ಡಿ ಮನುಷ್ಯ ಆಗ್ಬಾರ್ದು ಅಷ್ಟೇ. ಎಷ್ಟಪ್ಪಾ ಹಾಕ್ದೆ ಮದ್ದು?"

"ಎರಡಳತೆ," ಎಂದ ಗಿರಿ.

"ಫ್ಯಾಕ್ಟರೀಲಿ ಅಳತೆ ನೋಡೋನು ಎರಡ್ಯಾಕೆ ಹಾಕ್ತಾನೆ? ಕುದುರೇಲಿ ಕಡ್ಡಿ ಇತ್ತಾ?"

ಈ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಇತ್ತು ಮಾವ. ನನ್ ಕಣ್ಣಿಗೆ ಬೀಳ್ಲಿಲ್ಲ," ಎಂದ ಗಿರಿ.

ಇಲ್ಲದ ಕಡ್ಡಿಯನ್ನು ಇತ್ತೆನ್ನುತ್ತಿದ್ದಾನೆ. ಹಾಗಾದರೆ ಹುಡುಗನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಭಾವನ ಮಾನ ಉಳಿಸಲು ಈಗ ಭಾನುವನ್ನೂ ಬಿಟ್ಟುಕೊಡಲು ಕೂತಿದ್ದಾನೆ. ತಿಮ್ಮರಾಜು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಕಡ್ಡಿ ಕಾಣ್ದೋನಿಗೆ ಹೆಣ್ಣು ಹೆಂಗೆ ಕೊಡೋದು, ಚಿನ್ನಪ್ಪನೋರೆ," ಎಂದು ಎದ್ದ.

"ಕಡ್ಡಿ ಇರ್ಲಿಲ್ಲ," ಎಂದ ಚಿನ್ನಪ್ಪ. "ಸಿಕ್ಕಿಸ್ಬೇಕಾಗಿದ್ದೋನು ನಾನು. ಒಂದೂವರೆ ಅಳತೆ ತುಂಬಿ, ಕಡ್ಡಿ ಮರ್ತು ಹೋಗ್ಬುಟ್ಟೆ. ಅವನು ಹಾಕಿದ್ದು ಒಂದೇ."

"ಭಾವ, ಸುಮ್ಕಿರು," ಎಂದ ಗಿರಿ.

"ಸುಮ್ಕಿದ್ದದ್ದೇ ತಪ್ಪಾಯ್ತು ಕಣ್ಲಾ."

ತಿಮ್ಮರಾಜು ಮತ್ತೆ ಕೂತ. "ಹುಡುಗನಿಗೆ ಹೆಣ್ಣು ಕೊಡ್ತೀನಿ. ಇನ್ಮೇಲೆ ಮದುವೆ ಮಾತು ಅವರ ಅಕ್ಕನ ಹತ್ರ ಆಡ್ತೀನಿ, ನಿಮ್ ಹತ್ರ ಬೇಡ." ಚಿನ್ನಪ್ಪ ತಲೆಯಾಡಿಸಿದ. ಅದು ನ್ಯಾಯವೆಂದೇ ಅವನಿಗೆ ಅನಿಸಿತು.

ಗೋವಿಂದಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು. ಒಂದೊಂದೇ ಲೋಟ ಇಳಿಸಿದಳು, ಗಂಡನ ಮುಂದೆಯೂ ಒಂದು ಇಟ್ಟಳು. "ಎರಡು ವರ್ಸ ನನ್ ಬಾಯಲ್ಲೇ ಅವನ್ನ ಬೈಸ್ದಲ್ಲ ನೀನು," ಎಂದಳು, ದನಿ ಎತ್ತದೆ. ಒಳಗೆ ಹೋಗಿ ಸಕ್ಕರೆ ಡಬ್ಬ ತಂದು ತಮ್ಮನ ಕೈಗಿಟ್ಟಳು. "ಎಲ್ರಿಗೂ ನೀನೇ ಹಾಕಪ್ಪ."

ಗಿರಿ ಮೂರು ಬೆರಳಲ್ಲಿ ಡಬ್ಬ ಹಿಡಿದು ಮೊದಲು ತಿಮ್ಮರಾಜುವಿಗೆ ಹಾಕಿದ. ಆಮೇಲೆ ಚಿನ್ನಪ್ಪನ ಮುಂದೆ ಬಂದು ಬಗ್ಗಿದ.

"ಎಷ್ಟು ಹಾಕ್ಲಿ, ಭಾವ?"

ಚಿನ್ನಪ್ಪ ಕಣ್ಣೊರೆಸಿಕೊಂಡು ಲೋಟ ಚಾಚಿದ.