ಕ್ರಾಕೋವ್ ನೋಡಲು ಹೋದ ಕ್ಲೆಮಾ ಅತ್ತೆ

ಅಪ್ಪನ ಅಕ್ಕ ಕ್ಲೆಮಾ ಅತ್ತೆ ತಾರ್ನೋವ್‌ನ ಒಂದು ಶಾಲೆಯಲ್ಲಿ ಮುಖ್ಯ ಅಡುಗೆಯವಳಾಗಿದ್ದಳು. ಮೈಕೈ ತುಂಬಿಕೊಂಡ ಗಟ್ಟಿ ಹೆಂಗಸು. ಮಾತು ಇನ್ನೂ ಗಟ್ಟಿ. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ನೋಡಿಕೊಳ್ಳುವುದರಲ್ಲೇ ಅವಳ ಮದುವೆಯ ವಯಸ್ಸು ಕಳೆದುಹೋಗಿತ್ತು. ಅಜ್ಜಿ ತೀರಿಕೊಂಡ ಮರುವರ್ಷ ಬೇಸಿಗೆಯಲ್ಲಿ ಅಪ್ಪ, "ಅಕ್ಕಾ, ಶನಿವಾರ ಎಲ್ರೂ ಕ್ರಾಕೋವ್‌ಗೆ ಹೋಗೋಣ. ನೀನು ಊರು ಬಿಟ್ಟು ಹೊರಗೆ ಹೋಗಿ ಎಷ್ಟು ಕಾಲ ಆಯ್ತು?" ಎಂದ.

"ಹಳೇ ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕೇನೋ?" ಎಂದಳು ಅತ್ತೆ. ಆದರೆ ಶನಿವಾರ ನಾವು ಮೂವರೂ ಸ್ಟೇಷನ್ ಮುಟ್ಟುವ ಹೊತ್ತಿಗೆ ಹೊಸ ನೀಲಿ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಆಗಲೇ ಬಂದು ನಿಂತಿದ್ದಳು. ಅಮ್ಮ ನನ್ನ ಪಕ್ಕೆ ತಿವಿದಳು. ನನಗಾಗ ಹನ್ನೊಂದು ವರ್ಷ. ಅತ್ತೆಯ ತುಟಿಗೆ ಬಣ್ಣ ನಾನು ಕಂಡಿದ್ದು ಅದೇ ಮೊದಲು.

ಕ್ರಾಕೋವ್‌ನಲ್ಲಿ ಇಳಿದದ್ದೇ ತಡ, ಅಪ್ಪ ಇಡೀ ಊರನ್ನು ಮಧ್ಯಾಹ್ನದೊಳಗೆ ತೋರಿಸಿಬಿಡುವವನಂತೆ ದಾಪುಗಾಲು ಹಾಕಿದ. ದೊಡ್ಡ ಚೌಕದಲ್ಲಿ ನಾವು ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು ಮೆಲ್ಲುತ್ತ ನಿಂತಾಗ ಚರ್ಚಿನ ಗೋಪುರದ ತುದಿಯಿಂದ ಕಹಳೆ ಕೇಳಿಸಿತು. ಎಂದಿನಂತೆ ರಾಗ ಅರ್ಧಕ್ಕೇ ನಿಂತಿತು.

"ಪಾಪ, ಹೆಂಡತಿ ಊಟಕ್ಕೆ ಕರೆದ್ಲೇನೋ," ಎಂದಳು ಅತ್ತೆ. ನೂರಾರು ವರ್ಷಗಳ ಹಿಂದೆ ಊದುತ್ತಿದ್ದಾಗಲೇ ಶತ್ರುವಿನ ಬಾಣ ತಗಲಿ ಕಹಳೆಯವನು ಸತ್ತ, ಅದಕ್ಕೇ ಇಂದಿಗೂ ರಾಗ ಅಲ್ಲಿಗೇ ನಿಲ್ಲುತ್ತದೆ ಎಂಬ ಕಥೆಯನ್ನು ಆಗಷ್ಟೇ ಗಂಭೀರವಾಗಿ ಶುರು ಮಾಡಿದ್ದ ಅಪ್ಪನ ಮುಖ ನೋಡಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಅಲ್ಲಿಂದ ವಾವೆಲ್ ಗುಡ್ಡ, ಅರಮನೆ, ರಾಜರನ್ನು ಹೂಳಿದ ದೊಡ್ಡ ಚರ್ಚು. ಕೊನೆಗೆ ಅದರ ಗಂಟೆಗೋಪುರ.

"ಅತ್ತಿಗೆ, ಮೇಲೆ ಹೋಗಿ ಗಂಟೆಯ ನಾಲಿಗೇನ ಎಡಗೈಲಿ ಮುಟ್ಟಿ ಬನ್ನಿ," ಎಂದು ಅಮ್ಮ ಕಣ್ಣು ಮಿಟುಕಿಸಿದಳು. "ಮುಟ್ಟಿದವರಿಗೆ ಬೇಗ ಮದುವೆ ಆಗುತ್ತಂತೆ."

"ನಂಗ್ಯಾಕೆ ಗಂಡ? ನೋಯ್ದೇ ಇರೋ ಎರಡು ಮೊಣಕಾಲು ಸಿಗೋ ಹಾಗಿದ್ರೆ ಹೇಳು, ಓಡಿಹೋಗಿ ಮುಟ್ತೀನಿ," ಎಂದು ಬೈಯುತ್ತಲೇ ಅತ್ತೆ ಹತ್ತಿದಳು. ಅವಳ ಹಿಂದೆಯೇ ನಾವೂ ಹತ್ತಿದೆವು.

ಮರದ ದಪ್ಪ ತೊಲೆಗಳ ನಡುವೆ ನುಸುಳಿಕೊಂಡು ಹೋಗುವ ಕಿರಿದಾದ ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಸಾಲು ನಿಂತುಬಿಟ್ಟಿತು. ಇಳಿಯುತ್ತಿದ್ದ ಒಬ್ಬ ಗಂಡಸು ತೊಲೆಯನ್ನು ಎರಡೂ ಕೈಗಳಿಂದ ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದ. ಐವತ್ತರ ಆಸುಪಾಸು, ನೀಟಾಗಿ ಕತ್ತರಿಸಿದ ಮೀಸೆ, ಹಣೆಯೆಲ್ಲ ಬೆವರು. ಹಿಂದಿನವರು ಗೊಣಗುತ್ತಿದ್ದರು.

"ಹತ್ತುವಾಗ ಏನೂ ಆಗ್ಲಿಲ್ಲ, ಈಗ ಕೆಳಗೆ ನೋಡಿಬಿಟ್ಟೆ," ಎಂದ ಅವನು ನಡುಗುವ ದನಿಯಲ್ಲಿ. "ನೀವೆಲ್ಲ ಹೋಗಿ. ನಾನು ಇಲ್ಲೇ ಇದ್ದುಬಿಡ್ತೀನಿ."

"ಇಲ್ಲಿ ಇರೋಕೆ ಜಾಗ ಕೊಡೋದು ರಾಜರಿಗೆ ಮಾತ್ರ ಸ್ವಾಮಿ, ಅದೂ ಸತ್ತ ಮೇಲೆ," ಎಂದಳು ಅತ್ತೆ. "ನನ್ನ ಹೆಗಲು ಹಿಡ್ಕೊಳ್ಳಿ. ಬೆಳಿಗ್ಗೆ ಏನು ತಿಂದ್ರಿ?"

"ಏನು?"

"ತಿಂದಿದ್ದೇನು ಅಂದೆ."

"ಹುಳಿಹಿಟ್ಟಿನ ಸಾರು. ನಾನೇ ಮಾಡಿದ್ದು."

"ಹೇಗ್ ಮಾಡಿದ್ರಿ? ಹೇಳ್ತಾ ಒಂದು ಕಾಲು ಕೆಳಗಿಡಿ."

ಅವನು ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದ. ರೈ ಹಿಟ್ಟನ್ನು ಹುಳಿ ಬರಿಸುವುದು, ಸಾಸೇಜು, ಬೆಳ್ಳುಳ್ಳಿ. ಅತ್ತೆ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು, ಅವನು ಅವಳ ಹೆಗಲು ಬಿಡದೆ ಹಿಂಬಾಲಿಸುತ್ತಿದ್ದ.

"ಆಮೇಲೆ ಕ್ಯಾರೆಟ್ ತುರಿದು ಹಾಕ್ತೀನಿ," ಎಂದ.

ಅತ್ತೆ ಅಲ್ಲೇ ನಿಂತಳು. "ಏನ್ ಹಾಕ್ತೀರಿ?"

"ಕ್ಯಾರೆಟ್."

"ಹುಳಿಹಿಟ್ಟಿನ ಸಾರಿಗೆ ಕ್ಯಾರೆಟ್ಟಾ? ಅದು ಸಾರಲ್ಲ ಕಣ್ರೀ, ಮೊಲದ ಊಟ!"

ಅವನು ಫಕ್ಕನೆ ಕಣ್ಣು ಬಿಟ್ಟ. "ನೋಡಿ ಮೇಡಂ, ನಮ್ಮಮ್ಮ ಹಾಕ್ತಿದ್ರು! ನಮ್ಮೂರು ಸೋಂಚ್‌ನಲ್ಲಿ ನನ್ನ ಸಾರು ತಿಂದು ಬೇಡ ಅಂದವರು ಒಬ್ಬರೂ ಇಲ್ಲ!"

"ಸೋಂಚ್‌ನವರಿಗೆ ನಾಲಿಗೆ ಇದ್ರೆ ತಾನೇ!"

ಹೀಗೆ ಜಗಳವಾಡುತ್ತಲೇ ಇಬ್ಬರೂ ಕೆಳಗಿಳಿದುಬಿಟ್ಟರು. ಬಾಗಿಲ ಹೊರಗೆ ಬಿಸಿಲಿಗೆ ಬಂದಾಗಲೇ ಅವನಿಗೆ ತಾನು ನೆಲ ಮುಟ್ಟಿದ್ದು ತಿಳಿದದ್ದು. ಕಾಲಡಿಯ ಕಲ್ಲನ್ನು ನೋಡಿದ, ಅತ್ತೆಯನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆಗೂ ನಗು ಬಂತು. ಅಷ್ಟು ದೊಡ್ಡ ನಗು ಅವಳೊಳಗಿತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅವನ ಹೆಸರು ಬೊಗುಮಿಲ್. ಸೋಂಚ್‌ನಲ್ಲಿ ಕ್ಷೌರದಂಗಡಿ, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಊರಿನ ಚರ್ಚಿನವರ ಜೊತೆ ಬಸ್ಸಿನಲ್ಲಿ ಬಂದಿದ್ದ. ಅಪ್ಪ ಊಟಕ್ಕೆ ಕರೆದದ್ದೇ ಸಾಕಾಯಿತು, ನಮ್ಮ ಜೊತೆ ಬಂದ. ಅಗ್ಗದ ಊಟದ ಹೋಟೆಲಿನಲ್ಲಿ ಅತ್ತೆ ಹುಳಿಹಿಟ್ಟಿನ ಸಾರನ್ನೇ ತರಿಸಿ, ಚಮಚದಲ್ಲಿ ಕಲಕಿ ಕಲಕಿ ತೋರಿಸಿದಳು. "ಹುಡುಕಿ, ಎಲ್ಲಿದೆ ಕ್ಯಾರೆಟ್?"

"ಅದಕ್ಕೇ ರುಚಿ ಇಲ್ಲ," ಎಂದ ಬೊಗುಮಿಲ್.

ಊಟವಾದ ಮೇಲೆ ವಿಸ್ತುಲಾ ನದಿಯ ದಡಕ್ಕೆ ಹೋದೆವು. ಅಲ್ಲಿ ನಿಲ್ಲಿಸಿದ್ದ ಲೋಹದ ಡ್ರ್ಯಾಗನ್ ಪ್ರತಿಮೆ ಬುಸ್ಸೆಂದು ಬೆಂಕಿ ಉಗುಳಿತು. ನಾನು ಕಿರುಚಿದೆ, ನನಗಿಂತ ಜೋರಾಗಿ ಬೊಗುಮಿಲ್ ಕಿರುಚಿದ. ದೋಣಿಯಲ್ಲಿ ಒಂದು ಸುತ್ತು ಹೋಗಿ ಬಂದೆವು. ದಡದ ಹುಲ್ಲಿನ ಮೇಲೆ ಐಸ್‌ಕ್ರೀಮ್ ತಿನ್ನುತ್ತ ಕುಳಿತಾಗ ಅವನು ತಟ್ಟನೆ ಕೈಗಡಿಯಾರ ನೋಡಿದ.

"ಅಯ್ಯೋ, ನನ್ನ ಬಸ್ಸು ಹೋಗಿರುತ್ತೆ!"

"ಹೋಗ್ಲಿ ಬಿಡಿ," ಎಂದಳು ಅತ್ತೆ, ಐಸ್‌ಕ್ರೀಮಿನಿಂದ ಕಣ್ಣೆತ್ತದೆ. "ರೈಲಿದೆ. ನಮ್ಮೂರಲ್ಲೇ ಬದಲಾಯಿಸ್ಬೇಕು."

ಅಪ್ಪ ಅಮ್ಮನನ್ನು ನೋಡಿದ. ಅಮ್ಮ ಆಕಾಶ ನೋಡಿದಳು.

ರೈಲಿನಲ್ಲಿ ಅವರಿಬ್ಬರೂ ಕಿಟಕಿಯ ಬಳಿ ಎದುರುಬದುರು ಕುಳಿತರು. ಅಪ್ಪ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ. ಅಮ್ಮ ನನಗೂ ಹಾಗೇ ಮಾಡಲು ಸನ್ನೆ ಮಾಡಿದಳು. ರೆಪ್ಪೆಯ ಸಂದಿನಿಂದ ನಾನು ನೋಡುತ್ತಲೇ ಇದ್ದೆ. ಅತ್ತೆ ಅಜ್ಜಿಯ ಬಗ್ಗೆ ಹೇಳುತ್ತಿದ್ದಳು, ಮೆಲ್ಲನೆ, ನಮ್ಮ ಮುಂದೆಯೂ ಎಂದೂ ಆಡದ ಮಾತುಗಳನ್ನು. ಅವನು ನಡುವೆ ಬಾಯಿ ಹಾಕದೆ ಕೇಳುತ್ತಿದ್ದ.

ತಾರ್ನೋವ್‌ನಲ್ಲಿ ಅವನು ಸೋಂಚ್‌ನ ರೈಲು ಹತ್ತಿದ. ಅದು ಚಲಿಸತೊಡಗಿದ ಮೇಲೆ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ: "ಕ್ಲೆಮಾ ಅವ್ರೇ, ನಿಮ್ಮ ಮನೆ ಎಲ್ಲಿ?"

ಮೊಣಕಾಲು ನೋವಿನ ಅತ್ತೆ ರೈಲಿನ ಜೊತೆಜೊತೆಗೇ ಓಡುತ್ತ, ಇಡೀ ಪ್ಲಾಟ್‌ಫಾರಮ್ಮಿಗೆ ಕೇಳಿಸುವಂತೆ ಬೀದಿಯ ಹೆಸರು, ಮನೆ ನಂಬರು ಕೂಗಿದಳು. "ನೆಲದ ಮಟ್ಟದಲ್ಲೇ ಇದೆ! ಮೆಟ್ಟಿಲು ಹತ್ತೋದೇ ಬೇಡ!"

ಮುಂದಿನ ಭಾನುವಾರ ಅವನು ಬಂದ. ಅದರ ಮುಂದಿನ ಭಾನುವಾರವೂ ಬಂದ. ಶರತ್ಕಾಲದಲ್ಲಿ ಮದುವೆಯಾಯಿತು. ಗಂಟೆಯ ನಾಲಿಗೆ ಮುಟ್ಟದೆಯೇ ಆದ ಮದುವೆ ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗಿಸಿದಳು. ಅಪ್ಪ ಕೋಟು ಕಳಚಿಟ್ಟು, ಅಂಗಿ ಬೆನ್ನಿಗೆ ಅಂಟುವವರೆಗೂ ಕುಣಿದ. ಕೊನೆಗೆ ಅತ್ತೆಯ ಕೈ ಹಿಡಿದು ಒಂದು ಸುತ್ತು ತಿರುಗಿಸಿ, "ಸಂತೋಷವಾಗಿದ್ದೀಯಾ ಅಕ್ಕಾ?" ಎಂದು ಕೇಳಿದ.

"ಮಾತು ಸಾಕು, ಹೆಜ್ಜೆ ನೋಡ್ಕೊಂಡು ಹಾಕೋ, ನನ್ನ ಕಾಲು ತುಳೀತಿದ್ದೀಯಾ," ಎಂದ ಅತ್ತೆಯ ಕಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು.