ಕೆಂಪು ಬಾಯಿಯ ದಿನ

ಧೂಳು ಕೊಡವುವ ಕೋಳಿಪುಕ್ಕದ ಪೊರಕೆಗೆ ಬೆತ್ತದ ಹಿಡಿ ಇರುತ್ತದೆ. ಹಾಂಗ್ ಕಾಂಗಿನ ಮನೆಗಳಲ್ಲಿ ಅದರಿಂದ ಧೂಳು ಹೊಡೆದದ್ದಕ್ಕಿಂತ ಮಕ್ಕಳಿಗೆ ಹೊಡೆದದ್ದೇ ಹೆಚ್ಚು. ಕ್ವಾನ್ ಮೇಡಂಗೆ ಮಕ್ಕಳಿರಲಿಲ್ಲ. ವಿನಾರ್ಸಿ ಇದ್ದಳು.

ವಿನಾರ್ಸಿ ಜಾವಾದ ಹೆಂಗಸು, ವಯಸ್ಸು ಮೂವತ್ತು ದಾಟಿತ್ತು. ಹತ್ತೊಂಬತ್ತನೆಯ ಮಹಡಿಯ ಈ ಮನೆಗೆ ಅವಳು ಬಂದದ್ದು ಮೇಡಂನ ಅತ್ತೆಯನ್ನು ನೋಡಿಕೊಳ್ಳುವ ಕೆಲಸಕ್ಕೆ. ಪಾರ್ಶ್ವವಾಯು ಬಡಿದು ಮುದುಕಿಯ ಕಾಲುಗಳು ಹೋಗಿದ್ದವು. ನಾಲಿಗೆ ನೆಟ್ಟಗೇ ಇತ್ತು, ಆದರೆ ಮಗ ತೀರಿಕೊಂಡ ಮೇಲೆ ಸೊಸೆಗೆ ಹೆದರಿ ಅದನ್ನೂ ಹೊರಗೆ ಬಿಡುತ್ತಿರಲಿಲ್ಲ. ವಿನಾರ್ಸಿ ಅವಳನ್ನು ಅಲ್ಲಿಯ ರೂಢಿಯಂತೆ ಪೋಪೋ, ಅಂದರೆ ಅಜ್ಜಿ, ಎನ್ನುತ್ತಿದ್ದಳು.

ಕಾನೂನು ಕೇಳಿದರೆ ಆ ಊರಿನದು ಚೆನ್ನಾಗಿಯೇ ಇದೆ. ಮನೆಗೆಲಸದವಳಿಗೆ ವಾರಕ್ಕೊಂದು ರಜೆ, ಚೀನೀ ಹೊಸವರ್ಷಕ್ಕೆ ಮೂರು ದಿನ ರಜೆ. ಪಾಸ್‌ಪೋರ್ಟು ಅವಳ ಕೈಯಲ್ಲೇ ಇರಬೇಕು, ಕಿಟಕಿಯ ಹೊರಮೈ ಒರೆಸಲು ಅವಳನ್ನು ಆಚೆ ನಿಲ್ಲಿಸಬಾರದು. ಮೇಡಂ ಎಲ್ಲದಕ್ಕೂ ಒಪ್ಪಿ ರುಜು ಹಾಕಿದ್ದಳು. ಪಾಸ್‌ಪೋರ್ಟನ್ನು ಮೊದಲ ದಿನವೇ ಕಸಿದು ಮೇಜಿನ ಖಾನೆಗೆ ಹಾಕಿ ಬೀಗ ಜಡಿದಳು. ಹೊಸವರ್ಷಕ್ಕೆ ಮುಂಚೆ ಮನೆ ತೊಳೆಯುವಾಗ ಕಿಟಕಿಯ ಸರಳು ತೆರೆದು ಅವಳನ್ನು ಹೊರಗಿನ ಅಂಚಿನ ಮೇಲೆ ಹತ್ತಿಸಿದಳು. ಕಾಲು ನಡುಗಿದ್ದಕ್ಕೆ ಮೊಣಕಾಲಿಗೆ ಬೆತ್ತದಿಂದ ಬಾರಿಸಿದಳು. ಅಷ್ಟು ಎತ್ತರದಲ್ಲಿ ನಿಂತವಳ ಮೊಣಕಾಲಿಗೆ! ಆ ಕೈ ಸೇದಿಹೋಗಬಾರದಿತ್ತೆ?

ಬಿಟ್ಟು ಹೋಗೋಣವೆಂದರೆ, ಕೆಲಸ ಬಿಟ್ಟವಳು ಎರಡು ವಾರದೊಳಗೆ ಊರು ಖಾಲಿ ಮಾಡಬೇಕೆಂಬ ನಿಯಮವೂ ಇತ್ತು. ಮೇಡಂಗೆ ಬಾಯಿಪಾಠವಾಗಿದ್ದ ನಿಯಮ ಅದೊಂದೇ. ಪಾಸ್‌ಪೋರ್ಟಿಲ್ಲದೆ ಬೀದಿಗಿಳಿದರೆ ನೇರ ಜೈಲು ಎಂದೂ ಹೆದರಿಸಿದ್ದಳು. ವಿನಾರ್ಸಿ ನಂಬಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಆ ಪಾಸ್‌ಪೋರ್ಟು ಹಿಡಿದು, ಕೈಕಾಲು ಸರಿಯಿರುವಾಗಲೇ ಬಾಗಿಲು ದಾಟುವುದು.

ಹೊಸವರ್ಷದ ಮೊದಲೆರಡು ದಿನ ಬೆತ್ತಕ್ಕೆ ಬಿಡುವು. ಆಗ ಬೈದರೆ, ಹೊಡೆದರೆ ವರ್ಷವಿಡೀ ಅದೇ ಗತಿ ಎಂಬ ನಂಬಿಕೆ. ಮೇಡಂ ನಗುನಗುತ್ತ ನೆಂಟರನ್ನು ಕೂರಿಸಿ, ರಜೆಯಲ್ಲಿರಬೇಕಾದವಳ ಕೈಯಿಂದ ಟೀ ಕೊಡಿಸಿದಳು. ಮೊದಲ ದಿನ ಬೆಳಿಗ್ಗೆ ಪೋಪೋ ವಿನಾರ್ಸಿಯ ಕೈಗೆ ಕೆಂಪು ಲಕೋಟೆಯೊಂದನ್ನು ತುರುಕಿದಳು. ಹಿರಿಯರು ಹಬ್ಬಕ್ಕೆ ನೋಟು ಹಾಕಿ ಕೊಡುವಂಥದ್ದು.

"ತಗೋ ಮಗಾ, ಬೇಗ ನೋಡ್ಕೋ," ಎಂದು ಪಿಸುಗುಟ್ಟಿದಳು.

ನೋಡಿಕೊಳ್ಳುವುದುಂಟೆ? ಹೋದ ವರ್ಷ ನೆಂಟರೆದುರೇ ಲಕೋಟೆ ಹರಿದದ್ದಕ್ಕೆ ಮೇಡಂ ಹಬ್ಬ ಮುಗಿಯುವುದನ್ನೇ ಕಾದು, ಅವಳ ಬೆರಳುಗಳನ್ನು ಮೇಜಿನ ಮೇಲೆ ಹರಡಿಸಿ ಹೊಡೆದಿದ್ದಳು. ಹದಿನೈದು ದಿನ ದಿಂಬಿನಡಿ ಇಡಬೇಕು, ಅಲ್ಲಿಯವರೆಗೆ ಒಡೆಯಬಾರದು ಎಂದು ಏಟಿಗೊಂದು ಸಲ ಅವಳ ಬಾಯಿಂದಲೇ ಹೇಳಿಸಿದ್ದಳು. ಆ ಪಾಠ ಮರೆಯುವಂಥದ್ದಲ್ಲ. ಲಕೋಟೆ ದಿಂಬಿನಡಿ ಸೇರಿತು.

ಮೂರನೆಯ ದಿನವನ್ನು ಆ ಜನ ಕೆಂಪು ಬಾಯಿಯ ದಿನ ಎನ್ನುತ್ತಾರೆ. ಅಂದು ಬಾಯಿ ತೆರೆದರೆ ಜಗಳ, ಹಾಗಾಗಿ ಯಾರೂ ಯಾರ ಮನೆಗೂ ಕಾಲಿಡುವುದಿಲ್ಲ. ಗುಡಿಗೆ ಹೊರಟ ಮೇಡಂ ಚಿನ್ನದ ಸರಕ್ಕೆಂದು ಖಾನೆಯ ಬೀಗದ ಕೈ ಹುಡುಕಿದಳು. ಕೈಚೀಲದಲ್ಲಿ ಇರಲಿಲ್ಲ.

"ಎಲ್ಲಿಟ್ಟಿದ್ದೀಯೇ ಕಳ್ಳಿ?"

"ನಾನು ಮುಟ್ಟಿಲ್ಲ ಮೇಡಂ. ದೇವ್ರಾಣೆ."

ಬೆತ್ತ ಮೊದಲು ಭುಜಕ್ಕೆ ಬಿತ್ತು, ಆಮೇಲೆ ಕಿವಿಗೆ. ಕಿವಿ ಹರಿದು ರಕ್ತ ಕುತ್ತಿಗೆಗಿಳಿಯಿತು. ಅಡ್ಡ ಹಿಡಿದ ಎಡಗೈಯ ಕಿರುಬೆರಳು ಲಟಕ್ಕೆಂದಿತು. ವಿನಾರ್ಸಿ ತಿರುಗಿ ಹೊಡೆಯಲಿಲ್ಲ. ಯಜಮಾನಿಯ ಮೇಲೆ ಕೈಯೆತ್ತಿದರೆ ಆಮೇಲೆ ತನ್ನ ಮಾತು ಯಾರೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಮೇಡಂ ಅವಳ ಜಡೆ ಹಿಡಿದು ಹಾಸಿಗೆಯವರೆಗೆ ಎಳೆದೊಯ್ದು ದಿಂಬು ಕಿತ್ತೆಸೆದಳು. ಲಕೋಟೆ ನೆಲಕ್ಕೆ ಬಿದ್ದು ಟಣ್ ಎಂದಿತು.

ನೋಟು ಟಣ್ ಎನ್ನುವುದಿಲ್ಲ. ಇಬ್ಬರೂ ಒಂದು ಗಳಿಗೆ ಅದನ್ನೇ ನೋಡಿದರು.

"ಅವಳಲ್ಲ ಕಣೇ, ಕದ್ದಿದ್ದು ನಾನು," ಎಂದಳು ಗಾಲಿಕುರ್ಚಿಯಿಂದ ಪೋಪೋ. "ಹಬ್ಬದ ಹಿಂದಿನ ರಾತ್ರಿ ಕುಡಿದು, ಚೀಲ ನನ್ನ ತೊಡೆ ಮೇಲೆ ಬಿಟ್ಟು ಮಲಗಿದ್ಯಲ್ಲ, ಆವಾಗ." ವಿನಾರ್ಸಿಯ ಕಡೆ ತಿರುಗಿದಳು. "ಒಡೆದು ನೋಡು ಅಂದ್ರೆ ಪೂಜೆಗಿಟ್ಕೊಂಡಿದ್ಯಲ್ಲೇ, ಪೆದ್ದಿ. ಇನ್ನಾದ್ರೂ ಓಡು."

ಮೇಡಂ ಜಡೆ ಬಿಟ್ಟು ಮುದುಕಿಯತ್ತ ನಡೆದಳು. ವಿನಾರ್ಸಿ ಲಕೋಟೆ ಹರಿದು, ಬೀಗದ ಕೈ ತೆಗೆದು, ಖಾನೆ ತೆರೆದು, ಪಾಸ್‌ಪೋರ್ಟನ್ನು ಎದೆಗೆ ಸಿಕ್ಕಿಸಿಕೊಂಡು ಕಬ್ಬಿಣದ ಬಾಗಿಲು ದಾಟಿದಳು. ಲಿಫ್ಟಿನ ಗುಂಡಿಯನ್ನೂ ಒತ್ತಿದಳು. ಒಳಗೆ ಬೆತ್ತದ ಸದ್ದು ಕೇಳುತ್ತಿತ್ತು. ಅದು ತನ್ನ ಮೈಮೇಲೆ ಬೀಳದೆ ಬೇರೆಲ್ಲೋ ಬೀಳುವುದನ್ನು ಅವಳು ಕೇಳಿದ್ದು ಅದೇ ಮೊದಲು. ಪೋಪೋ ಅಳುತ್ತಿರಲಿಲ್ಲ, ಕೆಮ್ಮುತ್ತಿದ್ದಳು. ಲಿಫ್ಟು ಬಂದು ಬಾಗಿಲು ತೆರೆಯಿತು. ವಿನಾರ್ಸಿ ತನ್ನನ್ನೇ ಬೈದುಕೊಳ್ಳುತ್ತ ಮತ್ತೆ ಮನೆಯೊಳಗೆ ಓಡಿದಳು.

ಮೇಡಂ ಮುದುಕಿಯ ಮುಖಕ್ಕೆ ಬೀಸಿದ ಏಟಿಗೆ ವಿನಾರ್ಸಿ ಬೆನ್ನು ಕೊಟ್ಟಳು. ದಿನಾ ಸ್ನಾನಕ್ಕೆ ಹೊರುವ ಹಾಗೆಯೇ ಬಗ್ಗಿ, ಪೋಪೋವಿನ ತೋಳುಗಳನ್ನು ಕೊರಳಿಗೆ ಹಾಕಿಕೊಂಡು ಎದ್ದಳು. ಮೊಣಕಾಲ ಹಿಂದೆ ಇನ್ನೊಂದು ಬಿತ್ತು, ತಲೆಗೊಂದು ಬಿತ್ತು. ತಲೆಗೆ ಬಿದ್ದದ್ದರಲ್ಲಿ ಬೆತ್ತ ಮುರಿದು ಕೋಳಿಪುಕ್ಕ ಮನೆಯೆಲ್ಲ ಹಾರಿತು. ಅವಳು ನಿಲ್ಲಲಿಲ್ಲ.

ಕೆಳಗಡೆ ಕಾವಲುಗಾರ ಕುರ್ಚಿಯಿಂದ ದಡಬಡಿಸಿ ಎದ್ದ. ಇಬ್ಬರ ಬಟ್ಟೆಯ ಮೇಲೂ ರಕ್ತ.

"ಇವತ್ತು ಕೆಂಪು ಬಾಯಿಯ ದಿನ ಅಜ್ಜಿ, ಯಾರ ಮನೆಗೂ ಹೋಗ್ಬಾರ್ದು. ಎಲ್ಲಿಗೆ ಹೊರಟ್ರಿ?"

"ಪೊಲೀಸ್ ಠಾಣೆಗೆ ಕಣಪ್ಪ," ಎಂದಳು ಪೋಪೋ, ಒಡೆದ ತುಟಿ ಒರೆಸಿಕೊಂಡು. "ಎರಡು ವರ್ಷದಿಂದ ಎಲ್ಲಾ ನೋಡ್ಕೊಂಡು ಬಾಯಿ ಮುಚ್ಕೊಂಡಿದ್ದೆ. ತೆರೆಯೋಕೆ ಇದಕ್ಕಿಂತ ಒಳ್ಳೇ ದಿನ ಯಾವಾಗ ಬರತ್ತೆ?"