ಬಲಗೈಯ ಅಳತೆ

ಪೆನ್ನಿನ ಮುಚ್ಚಳ ಆಗಲೇ ತೆಗೆದಿಟ್ಟಿದ್ದಾನೆ ನೋಡು, ಅವಳು ಹೂಂ ಅನ್ನುವ ಮೊದಲೇ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಅದೂ ಇಟ್ಟಿರುವುದು ರಾಜಿ ಪತ್ರದ ಮೇಲೆ, ಅವಳ ಬಲಗೈ ಪಕ್ಕಕ್ಕೇ — ಇಷ್ಟು ಹೊತ್ತು ಚೌಕಾಸಿ ಮಾಡಿದ್ದು ಯಾವ ಕೈಯದ್ದೋ ಅದೇ ಕೈ, ಮೂರು ಬೆರಳು ಮಡಚಲು ಬಾರದ ಕೈ — ವಿಮಾ ಕಂಪನಿಯ ವಕೀಲ, ಮೀಸೆ ತೆಳು, ಮಾತು ಬೆಣ್ಣೆ, ನೋಡೀಮ್ಮ, ನಮ್ಮ ಡಾಕ್ಟರು ಊನ ಮೂವತ್ತು ಪರ್ಸೆಂಟ್ ಅಂತ ಬರ್ದಿದಾರೆ, ಉಳಿದ ಎಪ್ಪತ್ತು ನಿಮ್ಮ ಹತ್ರಾನೇ ಇದೆಯಲ್ಲ, ಇದೆಯಂತೆ, ಅಂಗಿಯ ಗುಂಡಿ ಹಾಕಲು ಹೋದಾಗ ಎಲ್ಲಿ ಹಾಳಾಗಿ ಹೋಗಿರುತ್ತದೆ ಆ ಎಪ್ಪತ್ತು, ಆ ಡಾಕ್ಟರು ಕೈ ಮುಟ್ಟಿಯೂ ನೋಡಲಿಲ್ಲ, ಕೂತಲ್ಲಿಂದಲೇ ಮುಷ್ಟಿ ಮಾಡಿ ಅಂದರು, ಆಗಲ್ಲ ಅಂದಳು, ಪ್ರಯತ್ನ ಮಾಡಿ ಅಂದರು, ಮಾಡಿದಳು, ಕಣ್ಣಲ್ಲಿ ನೀರು ಬಂತು, ಹಾಂ ಸಾಕು, ಮುಂದಿನವರು ಬನ್ನಿ. ಬಟ್ಟೆ ಒಗೆಯುವ ಕಾರ್ಖಾನೆ, ಆಸ್ಪತ್ರೆಗಳ ಹಾಸು ಹೊದಿಕೆ, ಇಸ್ತ್ರಿ ಯಂತ್ರದ ಕಾದ ಉರುಳೆಯ ಬಾಯಿಗೆ ಒಂದೊಂದನ್ನೇ ಕೊಡುವ ಕೆಲಸ ಅವಳದು, ಬೆರಳು ಒಳಗೆ ಹೋಗದಂತೆ ಅಡ್ಡಕ್ಕೆ ಒಂದು ತಗಡಿತ್ತು, ಅದಿದ್ರೆ ಕೆಲಸ ಸಾಗಲ್ಲ ಅಂತ ಬಿಚ್ಚಿಸಿದವನು ಸೂಪರ್‌ವೈಸರು, ಈಗ ಅವನೇ ಹೇಳುತ್ತಾನೆ ಅವಳೇ ಬಿಚ್ಚಿದ್ಲು ಸಾರ್, ತಾನು ಕಳ್ಳ ಪರರ ನಂಬ — ಮೊದಲು ಬಂದದ್ದು ನೋವಲ್ಲ, ವಾಸನೆ, ಬಟ್ಟೆ ಸೀದ ವಾಸನೆ ಅಂದುಕೊಂಡಳು, ಬಟ್ಟೆಯಾಗಿರಲಿಲ್ಲ.

ಕೇಳಮ್ಮ, ಪರಿಹಾರ ಇಷ್ಟೇ ಅಂತ ಆಕಾಶದಿಂದ ಉದುರಲ್ಲ, ಇದು ಅವಳ ಕಡೆಯ ವಕೀಲಮ್ಮ, ಒಳಗೆ ಬರುವ ಮುಂಚೆ ಮೆಟ್ಟಿಲ ಮೇಲೇ ನಿಲ್ಲಿಸಿಕೊಂಡು, ನಿನ್ನ ಸಂಬಳ ನೋಡ್ತಾರೆ, ಓವರ್‌ಟೈಮ್ ಬಿಟ್ಟು ಲೆಕ್ಕ ಹಾಕೋಕೆ ನೋಡ್ತಾರೆ, ನಾನು ಬಿಡಲ್ಲ, ನಿನ್ನ ವಯಸ್ಸು ನೋಡ್ತಾರೆ, ಊನ ಎಷ್ಟು ಅಂತ ಯಾರ ಡಾಕ್ಟರು ಬರೆದದ್ದು, ಅದೇ ಕೆಲಸ ಮತ್ತೆ ಮಾಡೋಕಾಗುತ್ತಾ, ತಪ್ಪು ಯಾರ ತಲೆಗೆ ಕಟ್ಟಬಹುದು, ಎಲ್ಲಕ್ಕಿಂತ ಹೆಚ್ಚಾಗಿ ನೀನೆಷ್ಟು ದಿನ ತಡ್ಕೋತೀಯ ಅಂತ ನೋಡ್ತಾರೆ, ಸಹಿ ಹಾಕಿದ್ಯೋ, ನಾಳೆ ಇನ್ನೊಂದು ಆಪರೇಷನ್ ಬೇಕಾದ್ರೂ ಅದು ನಿನ್ನ ಹಣೆಬರಹ. ತಡೆದುಕೊಳ್ಳುವುದನ್ನು ಅವಳಿಗೆ ಹೇಳಿಕೊಡಬೇಕೇ, ಗಂಡ ತೀರಿಕೊಂಡ ಮೇಲೂ ಒಂದೇ ಕೋಣೆಯಲ್ಲಿ ಅತ್ತೆಯ ಜೊತೆ ಬಾಳಿದವಳು, ಅತ್ತೆಯ ಬಾಯಿಯ ಮುಂದೆ ಆ ಉರುಳೆ ತಣ್ಣಗೆ — ಈಗಲೂ ಕೇಳುತ್ತಿದೆ, ಹೊರಗಿನ ಬೆಂಚಿನಲ್ಲಿ ಕೂತು ಜವಾನನ ಮೇಲೆ ಹರಿಹಾಯುತ್ತಿದ್ದಾರೆ, ನನ್ನ ಸೊಸೇನ ಎಷ್ಟು ಹೊತ್ತು ಕೂರಿಸ್ಕೋತೀರಿ, ಮನೆಗೆಲಸ ನಿಮ್ಮಪ್ಪ ಬಂದು ಮಾಡ್ತಾನಾ.

ಹಾಗಾದ್ರೆ ಇದನ್ನೊಂಚೂರು ನೋಡಿಬಿಡಿ, ಬೆಣ್ಣೆಮಾತಿನವನು ಫೋನು ಅವಳ ಕಡೆ ತಿರುಗಿಸುತ್ತಾನೆ, ಅಯ್ಯೋ ಇದು ಅವರದೇ ಬೀದಿ, ಸೈಕಲ್ ರಿಪೇರಿ ಅಂಗಡಿ, ನಡೆಯುತ್ತಿರುವವಳು ಅವಳೇ, ಎಡಹೆಗಲ ಮೇಲೆ ಹಿಟ್ಟಿನ ಚೀಲ, ಬಲಗೈ ಎತ್ತಿ ಚೀಲದ ಮೇಲೆ ಆನಿಸಿದ್ದಾಳೆ, ಯಾವನೋ ಕಾರಿನೊಳಗೆ ಕೂತು ಕದ್ದು ತೆಗೆದಿದ್ದಾನೆ, ಥೂ, ಕೈಲಾಗಲ್ಲ ಅಂತೀರಿ, ಮೂಟೆ ಹೊರ್ತೀರಲ್ಲಮ್ಮ, ವಕೀಲಮ್ಮ ಪಕ್ಕದಲ್ಲಿ ಫೈಲು ಮುಚ್ಚಿಟ್ಟಿದ್ದಾರೆ, ಆ ದಿನ ನೆನಪಿದೆ, ಚೀಲ ಹಗುರಾಗಿತ್ತು, ಹೂವಿನ ಹಾಗೆ, ಅವಳಿಗೇ ಹಿಗ್ಗು, ಆಗುತ್ತೆ ನನ್ನ ಕೈಲಿ ಅಂದುಕೊಂಡಿದ್ದಳು, ಹಿಂದಿನಿಂದ ಅತ್ತೆ ಬೈಯುತ್ತಲೇ ಬಂದಿದ್ದರು, ಬೇಗ ಬೇಗ ಕಾಲು ಹಾಕು, ತುಂಬಿದ ಬಸುರಿ ಹಾಗೆ ನಡೀತೀಯಲ್ಲ — ಹಾಗಾದರೆ ಇವನು ಹೇಳುವುದೇ ನಿಜವೇ, ಎಲ್ಲೋ ಅಡಗಿ ಕೂತಿದೆಯೇ ಆ ಎಪ್ಪತ್ತು, ತಾನೇ ಸುಳ್ಳುಗಾತಿಯೇ, ಅಲ್ಲ, ಬೆಳಿಗ್ಗೆ ಲೋಟ ಜಾರಿ ಒಡೆದದ್ದು ಈ ಕೈಯಿಂದಲೇ, ಅಲ್ಲ, ಇನ್ನೊಂದು ಸಲ ಹಾಕಿ. ಯಾಕಮ್ಮ. ಹಾಕಿ ಅಂದ್ನಲ್ಲ. ಬೀದಿ, ಅಂಗಡಿ, ಅವಳು, ಚೀಲ — ನಿಲ್ಸಿ. ಅಲ್ಲಿ, ಚಿತ್ರದ ಅಂಚಿಗೆ, ಚೀಲದ ಅಡಿಗೆ, ಇನ್ನೊಂದು ಕೈ, ಮುಖವಿಲ್ಲ ಮೈಯಿಲ್ಲ, ಗಂಟು ಗಂಟು ಬೆರಳಿನ ಮುದಿ ಕೈಯೊಂದೇ, ಅಂಗೈ ಚಾಚಿ ಚೀಲವನ್ನು ಮೇಲಕ್ಕೊತ್ತಿ ಹಿಡಿದಿದೆ. ಈ ಕೈ ಯಾರದ್ದು ಸಾರ್, ಇದಕ್ಕೂ ಹಾಕಿ ನಿಮ್ಮ ಪರ್ಸೆಂಟು, ಎಷ್ಟಾಗುತ್ತೆ, ಅವನು ಫೋನು ಹತ್ತಿರಕ್ಕೆ ಹಿಡಿದು ನೋಡುತ್ತಾನೆ, ದೂರ ಹಿಡಿದು ನೋಡುತ್ತಾನೆ, ಬೆಣ್ಣೆ ಕರಗಿತು, ವಕೀಲಮ್ಮ ಫೈಲು ಮತ್ತೆ ಬಿಚ್ಚಿದ್ದಾರೆ, ಆ ವಿಡಿಯೋ ನಮಗೂ ಒಂದು ಬೇಕು, ಈಗಲೇ ಕಳಿಸಿ, ಅಯ್ಯೋ ಮೇಡಂ, ಮೊತ್ತ ಬೇಕಾದ್ರೆ ಇನ್ನೊಂದು ಸಲ ಕೂತು ಮಾತಾಡೋಣ, ಬೇಡ, ಅವಳೇ ಅಂದಳು, ಇಲ್ಲಿ ಮಾತಾಡಲ್ಲ, ಜಡ್ಜ್ ಮುಂದೆ ಹಾಕಿ ಇದನ್ನ, ಸೂಪರ್‌ವೈಸರನ್ನೂ ಕರೆಸಿ, ತಗಡು ಬಿಚ್ಚಿದ್ದು ಯಾರು ಅಂತ ನನ್ನ ಮುಖ ನೋಡಿ ಹೇಳಲಿ, ಸಹಿ ಹಾಕಲ್ಲ, ನನ್ನ ಕೈಲಾಗಲ್ಲ ಅಂತಲ್ಲ, ಹಾಕಲ್ಲ. ಎದ್ದಳು, ವಕೀಲಮ್ಮನೂ ಎದ್ದರು, ಬಾಗಿಲು ನಾಲ್ಕು ಹೆಜ್ಜೆ, ಆಚೆ ಅತ್ತೆ, ಹೋಗಿ ಏನಂತ ಕೇಳುವುದು, ನೀವು ಹಿಡ್ಕೊಂಡಿದ್ರಾ ಅಂತಲೇ, ಕೇಳಿದರೆ ಉಗಿಯುತ್ತಾರೆ, ಹಿಟ್ಟು ಚೆಲ್ಲಿದ್ರೆ ಯಾರು ಬಾಚೋರು ಅನ್ನುತ್ತಾರೆ, ಬೀದಿಯುದ್ದಕ್ಕೂ ಬೈಯುತ್ತಲೇ ಬಂದರಲ್ಲ, ಬೀದಿಯುದ್ದಕ್ಕೂ, ಚೀಲದ ಅಡಿಗೆ ಆ ಕೈ, ಮೇಲಕ್ಕೊತ್ತಿ ಹಿಡಿದ ಆ ಅಂಗೈ, ಆ ಕೈ —